ನಲವತ್ತೆರಡನೇ ವಯಸ್ಸಿಗೆ ಸೈಬರ್ ಸೆಕ್ಯುರಿಟಿ: ಕ್ಲಾಸಾ, ಸೆಕ್ಯುರಿಟಿ ಪ್ಲಸ್ಸಾ, ಲ್ಯಾಬಾ?

ಹದಿನೇಳು ವರ್ಷ ಬ್ಯಾಂಕಲ್ಲಿ ಲೆಕ್ಕ ತಾಳೆ ನೋಡೋ ಕೆಲಸ ಮಾಡ್ತಿದ್ದೆ, ಈಗ ಬೆಂಗಳೂರಲ್ಲೇ ಒಂದು ಸಾಕ್ ಟೀಮಲ್ಲಿ, ಅಂದ್ರೆ ಸೈಬರ್ ದಾಳಿ ಮೇಲೆ ಕಣ್ಣಿಡೋ ಟೀಮಲ್ಲಿ, ಎಲ್1 (ಮೊದಲ ಹಂತದ) ಅನಲಿಸ್ಟ್. ಇಲ್ಲಿಗೆ ಬರೋಕೆ ಮೂರು ದಾರಿ ಟ್ರೈ ಮಾಡಿದೀನಿ, ಮೂರಕ್ಕೂ ದುಡ್ಡು ಟೈಮು ಸುರಿದಿದೀನಿ.

ಮೊದ್ಲು ಸಿಇಹೆಚ್, ಅಂದ್ರೆ ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಅಂತ ವೀಕೆಂಡ್ ಕ್ಲಾಸ್. ವಾರಕ್ಕೊಂದು ಟೂಲ್ ತೋರ್ಸೋರು, ನೆಟ್‌ವರ್ಕ್ ಜಾಲಾಡೋ ಎನ್‌ಮ್ಯಾಪ್, ದಾಳಿ ಮಾಡಿ ಪರೀಕ್ಷಿಸೋ ಮೆಟಾಸ್ಪ್ಲಾಯ್ಟ್ ಹೀಗೆ, ಆದ್ರೆ ಪೋರ್ಟ್ ಅಂದ್ರೇನು ಸರ್ ಅಂತ ಕೇಳಿದ್ರೆ ಅದು ನಿಮಗೆ ಗೊತ್ತಿರ್ಬೇಕಲ್ವಾ ಅನ್ನೋರು. ಬಿಕಾಂ ಓದಿದೋನಿಗೆ ಹೇಗೆ ಗೊತ್ತಿರತ್ತೆ? 4 ಗಂಟೆ 125 ಆಬ್ಜೆಕ್ಟಿವ್ ಪ್ರಶ್ನೆಗೆ ಬಾಯಿಪಾಠ ಮಾಡೋದಾಯ್ತು, ಅರ್ಧಕ್ಕೇ ಬಿಟ್ಟೆ. ಕೆಲಸದ ಜಾಹೀರಾತಲ್ಲಿ ಸಿಇಹೆಚ್ ಹೆಸರು ತುಂಬಾ ಕಾಣತ್ತೆ ಅನ್ನೋದು ನಿಜ, ಅದನ್ನ ಅಲ್ಲಗಳೆಯಲ್ಲ.

ಆಮೇಲೆ ಸೆಕ್ಯುರಿಟಿ ಪ್ಲಸ್, ಅದು ಸೈಬರ್ ಸೆಕ್ಯುರಿಟಿಯ ಬುನಾದಿ ಸರ್ಟಿಫಿಕೇಟ್ ಪರೀಕ್ಷೆ. ಬೆಳಗ್ಗೆ ಐದಕ್ಕೆದ್ದು ಆನ್‌ಲೈನಲ್ಲಿ ಇದಕ್ಕೆ ಪಾಠ ಮಾಡೋ ಪ್ರೊಫೆಸರ್ ಮೆಸ್ಸರ್ ವಿಡಿಯೋ ನೋಡ್ತಿದ್ದೆ, ಅದು ಫ್ರೀ, ಪರೀಕ್ಷೆ ಫೀಸು ಮಾತ್ರ ಕಮ್ಮಿಯಲ್ಲ. 90 ನಿಮಿಷ, ಹೆಚ್ಚಂದ್ರೆ 90 ಪ್ರಶ್ನೆ, ಪಾಸಾಗೋಕೆ 900ಕ್ಕೆ 750. ಎನ್‌ಕ್ರಿಪ್ಷನ್ನು, ರಿಸ್ಕು, ಆಡಿಟ್ಟು ಎಲ್ಲಾ ಒಂದು ಕ್ರಮದಲ್ಲಿ ತಲೆಗೆ ಕೂತಿದ್ದು ಇದ್ರಿಂದಾನೇ, ಎಚ್‌ಆರ್ ಫೋನ್ ಬರೋಕೆ ಶುರುವಾಗಿದ್ದೂ ಇದಾದ್ಮೇಲೆ.

ಆದ್ರೆ ಕೈ ಪಳಗಿದ್ದು ಟ್ರೈಹ್ಯಾಕ್‌ಮಿ ಅನ್ನೋ ಆನ್‌ಲೈನ್ ಲ್ಯಾಬಲ್ಲಿ. (ಅಂಥದ್ದೇ ಇನ್ನೊಂದು, ಹ್ಯಾಕ್ ದ ಬಾಕ್ಸೂ ನೋಡ್ದೆ, ಹೊಸಬರಿಗೆ ಅದು ಕಷ್ಟ.) ಬ್ರೌಸರ್ರಲ್ಲೇ ಅಭ್ಯಾಸದ ಮಷೀನ್ ತೆರ್ಕೊಳ್ಳತ್ತೆ, ಲಾಗ್ (ಸಿಸ್ಟಮ್ಮಲ್ಲಿ ನಡೆದಿದ್ದರ ದಾಖಲೆ) ಮುಂದೆ ಕೂರ್ಸತ್ತೆ. ಒಂದಿನ ವಿಂಡೋಸ್ ಲಾಗಲ್ಲಿ 4625 ಅನ್ನೋ ಕೋಡ್ ಸಾಲುಸಾಲಾಗಿ, ಅಂದ್ರೆ ಲಾಗಿನ್ ಫೇಲು, ಕೊನೇಲಿ ಅದೇ ಅಕೌಂಟಿಗೆ ಒಂದೇ ಒಂದು 4624, ಅಂದ್ರೆ ಒಳಗೆ ಹೋಗಿದಾನೆ. ನೋಡಿದ ತಕ್ಷಣ ಪಾಸ್‌ವರ್ಡ್ ಊಹಿಸಿ ನುಗ್ಗಿದಾರೆ ಅಂತ ಅನುಮಾನ ಬಂತು, ಲೆಡ್ಜರಲ್ಲಿ ತಾಳೆಯಾಗದ ಎಂಟ್ರಿ ಹುಡುಕ್ತಿದ್ದ ಕಣ್ಣೇ ಅದು, ಅವತ್ತು ನನಗೆ ಬಂದ ಧೈರ್ಯ ಯಾವ ಕ್ಲಾಸೂ ಕೊಟ್ಟಿರ್ಲಿಲ್ಲ. ಇಂಟರ್‌ವ್ಯೂನಲ್ಲೂ ಇದನ್ನೇ ಕೇಳಿದ್ರು, ಜೊತೆಗೆ ಸೈಬರ್ ದಾಳಿ ಗೊತ್ತಾದ್ರೆ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆ ಒಳಗೆ ರಿಪೋರ್ಟ್ ಮಾಡ್ಬೇಕು ಅನ್ನೋ 2022ರ ನಿಯಮ ಕೇಳಿದ್ರು, ಬ್ಯಾಂಕಲ್ಲಿದ್ದೋನಿಗೆ ಅದು ಹೊಸದಾಗಿರ್ಲಿಲ್ಲ.

ಹಾಗಾಗಿ ನನ್ನಂಥೋರಿಗೆ ನಾನು ಹೇಳೋದು ಮೊದ್ಲು ಎರಡು ತಿಂಗಳು ಬರೀ ನೆಟ್‌ವರ್ಕಿಂಗ್, ಆಮೇಲೆ ಸೆಕ್ಯುರಿಟಿ ಪ್ಲಸ್ಸೂ ಲ್ಯಾಬೂ ಒಟ್ಟೊಟ್ಟಿಗೆ, ಕ್ಲಾಸಿನ ದುಡ್ಡು ಮನೆಖರ್ಚಿಗೆ ಎತ್ತಿಡಿ. ಯಾಕಂದ್ರೆ ಮೊದಲ ವರ್ಷ ನನ್ನ ಸಂಬಳ ಇಳೀತು, ನೈಟ್ ಶಿಫ್ಟೂ ಬಂತು.