ವಾಸ್ಕೋದ ಭಾನುವಾರದ ಚರ್ಚಾ ತರಬೇತಿ: ಕಾನೂನು ಗಟ್ಟಿ, ಗೋವಾ ಪಾಠ ಸಡಿಲ

ಕನ್ನಡದ ಕಾಲೇಜು ಮಕ್ಕಳಿಗಾಗಿ ಗೋವಾದ ವಾಸ್ಕೋದಲ್ಲಿ ನಡೆಯುವ ಈ ಚರ್ಚಾ ತರಬೇತಿಗೆ ಮಕ್ಕಳನ್ನು ಧಾರಾಳವಾಗಿ ಕಳಿಸಬಹುದು. ಈ ಸಲದ ವಿಷಯ: ‘ವಿಶ್ವಸಂಸ್ಥೆಯ ಒಪ್ಪಿಗೆಯಿಲ್ಲದ ಸೇನಾ ಕಾರ್ಯಾಚರಣೆ ಸರಿಯೇ?’ ಪರ ಮೂವರು, ವಿರೋಧ ಮೂವರು, ತಲಾ ಐದು ನಿಮಿಷ, ಖಂಡನೆಗೆ ಎರಡು.

ಕಾನೂನಿನ ಭಾಗವನ್ನು ಚೆನ್ನಾಗಿ ಕಲಿಸುತ್ತಾರೆ. ವಿಶ್ವಸಂಸ್ಥೆಯ ಸನದಿನ, ಅಂದರೆ ಅದರ ಮೂಲ ಒಪ್ಪಂದದ, 2(4)ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ. ವಿನಾಯಿತಿ ಎರಡೇ: 51ನೇ ವಿಧಿಯ ಆತ್ಮರಕ್ಷಣೆ, ಇಲ್ಲವೇ ಏಳನೇ ಅಧ್ಯಾಯದಡಿ ಭದ್ರತಾ ಮಂಡಳಿಯ ಅನುಮತಿ. ಇದನ್ನು ಬಾಯಿಪಾಠ ಮಾಡಿಸುವ ಬದಲು ಒಂದೊಂದು ಯುದ್ಧಕ್ಕೂ ಹಚ್ಚಿ ನೋಡಿಸುತ್ತಾರೆ. 1999ರ ಕೊಸೊವೊ ಯುದ್ಧದಲ್ಲಿ ಅಮೆರಿಕ ಮತ್ತು ಮಿತ್ರದೇಶಗಳ ಸೇನಾ ಕೂಟ ನ್ಯಾಟೋಗೆ ಮಂಡಳಿಯ ಅನುಮತಿ ಇರಲಿಲ್ಲ. 2003ರ ಇರಾಕ್ ಯುದ್ಧಕ್ಕೆ ‘ಮಂಡಳಿಯ 1441ನೇ ನಿರ್ಣಯವೇ ಸಾಕು’ ಎಂದವರ ಕೈಗೆ ಅದರ ಪಠ್ಯ ಕೊಟ್ಟು ಓದಿಸುತ್ತಾರೆ. ಅದರಲ್ಲಿರುವುದು ಗಂಭೀರ ಪರಿಣಾಮದ ಎಚ್ಚರಿಕೆ. ‘ದಾಳಿ ಮಾಡಿ’ ಎಂಬ ಮಾತು ಎಲ್ಲೂ ಇಲ್ಲ.

ಎಡವಿದ್ದು ಗೋವಾ ವಿಷಯದಲ್ಲಿ, ಅದೂ ಗೋವಾದಲ್ಲೇ ಕೂತು! ಪೋರ್ಚುಗೀಸರ ವಶದಲ್ಲಿದ್ದ ಗೋವಾವನ್ನು 1961ರ ಡಿಸೆಂಬರ್‌ನಲ್ಲಿ ಭಾರತ ಸೇನೆ ಕಳಿಸಿ ಬಿಡಿಸಿಕೊಂಡಿತು. ಮಕ್ಕಳಿಗೆ ಹಂಚಿದ ಹಾಳೆಯಲ್ಲಿ ‘1961ರಲ್ಲಿ ಇಡೀ ಜಗತ್ತು ಭಾರತದ ವಿರುದ್ಧವಿತ್ತು’ ಎಂದಿದೆ. ಇದು ತಪ್ಪು. ಆಗ ಭದ್ರತಾ ಮಂಡಳಿಯಲ್ಲಿದ್ದದ್ದು 11 ಸದಸ್ಯರು. ಕದನ ನಿಲ್ಲಿಸಿ ಭಾರತ ಸೇನೆ ಹಿಂತೆಗೆಯಲಿ ಎಂಬ ನಿರ್ಣಯಕ್ಕೆ ಪರ 7, ವಿರೋಧ 4 ಮತ ಬಿದ್ದವು. ಬಹುಮತವಿದ್ದರೂ ಸೋವಿಯತ್ ಒಕ್ಕೂಟದ ವೀಟೋದಿಂದ (ಕಾಯಂ ಸದಸ್ಯರಿಗಿರುವ ತಡೆಮತ) ಅದು ಬಿದ್ದುಹೋಯಿತು. ಸೋವಿಯತ್ ಜೊತೆ ಸಿಲೋನ್ (ಈಗಿನ ಶ್ರೀಲಂಕಾ), ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ (ಈಗಿನ ಈಜಿಪ್ಟ್) ನಿಂತವು. ಹಾಗಾದರೆ ‘ಬೆಂಬಲ’ ಎಂದರೆ ಮಂಡಳಿಯ ಬಹುಮತವೋ, ವಸಾಹತು ನೊಗ ಕಳಚಿದ ದೇಶಗಳ ಒಪ್ಪಿಗೆಯೋ? ಚರ್ಚೆಯ ಜೀವವೇ ಇಲ್ಲಿದೆ.

ಪರ ವಾದಕ್ಕೆ 1960ರ 1514ನೇ ನಿರ್ಣಯ ಒಳ್ಳೆಯ ಆಸರೆ: ವಸಾಹತುಶಾಹಿ ಕೊನೆಗಾಣಬೇಕು ಎಂದು ಮಹಾಸಭೆ ಸಾರಿತ್ತು. ಅದು ಬಲಪ್ರಯೋಗಕ್ಕೆ ಅನುಮತಿ ಕೊಟ್ಟಿರಲಿಲ್ಲ ಎಂಬುದು ವಿರೋಧದವರ ಗಟ್ಟಿ ಉತ್ತರ. ಕಾರವಾರದ ಎದುರಿನ ಅಂಜದೀವ ದ್ವೀಪದಿಂದ 1961ರ ನವೆಂಬರ್‌ನಲ್ಲಿ ಪೋರ್ಚುಗೀಸರು ಭಾರತದ ಹಡಗಿನ ಮೇಲೆ ಗುಂಡು ಹಾರಿಸಿದ್ದನ್ನು ಹಾಳೆ ಬಿಟ್ಟೇಬಿಟ್ಟಿದೆ. ಅಷ್ಟನ್ನು 51ನೇ ವಿಧಿಯ ‘ಸಶಸ್ತ್ರ ದಾಳಿ’ ಎನ್ನಬಹುದೇ? ಈ ಪ್ರಶ್ನೆ ಇಲ್ಲದೆ ಎರಡೂ ಕಡೆಯವರ ವಾದ ಪೊಳ್ಳು.

ಅಂಕಪಟ್ಟಿಯೂ ಬದಲಾಗಲಿ. ವಾದಕ್ಕೂ ಕಂಠಕ್ಕೂ ಸಮ ಅಂಕ ಇಟ್ಟಿರುವುದರಿಂದ ಜೋರಾಗಿ ಕೂಗಿದವರೇ ಗೆಲ್ಲುತ್ತಾರೆ. ಖಂಡನೆಗೆ ಎರಡು ನಿಮಿಷ ಸಾಲದು. ಎದುರಾಳಿ ಹೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ಅರ್ಧ ಹೊತ್ತು ಹೋಗುತ್ತದೆ. ಮೂರು ನಿಮಿಷ ಕೊಡಿ. ಎದುರಾಳಿಯ ಮಾತು, ನಮ್ಮ ಉತ್ತರ, ಅದಕ್ಕೆ ಪುರಾವೆ, ಇವನ್ನು ಒಂದೊಂದೇ ಸಾಲಿನಲ್ಲಿ ಬರೆಸಿ ಆಮೇಲೆ ಎಬ್ಬಿಸಿ. ಗೋವಾದ ಹಾಳೆ ತಿದ್ದುವವರೆಗೆ ಪಾಲಕರು ಆ ಮತಗಳ ಲೆಕ್ಕವನ್ನು ಮಕ್ಕಳಿಗೆ ಬರೆದುಕೊಟ್ಟೇ ಕಳಿಸಬೇಕು.