ಸಿರಾ ಗೇಟ್ ಕಡೆಯ ಹಳೇ ಕಾರಿನ ಗ್ಯಾರೇಜು: ನಮ್ಮ ಪದ್ಮಿನಿ, ನನ್ನ ಮಗಳು

ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅವರು ಬಿಟ್ಟುಹೋದ ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಮೊದಲು ತೋರಿಸಿದ ಕಡೆ "ಗುಜರಿಗೆ ಹಾಕಿಬಿಡಿ ಸಾರ್" ಎಂದರು. ನನಗಿಂತ ಜಾಸ್ತಿ ಬೇಜಾರಾಗಿದ್ದು ಹತ್ತನೇ ಕ್ಲಾಸಿನ ಮಗಳಿಗೆ. ತಾತನ ಪಕ್ಕ ಅದೇ ಕಾರಿನಲ್ಲಿ ಕೂತು ಊರು ಸುತ್ತಿದವಳು.

ಕೊನೆಗೆ ಸಿಕ್ಕಿದ್ದು ತುಮಕೂರಿನ ಸಿರಾ ಗೇಟ್ ಕಡೆಯ ಈ ಗ್ಯಾರೇಜು. ಬೋರ್ಡಿಲ್ಲ. ಹೆಸರು ಹಾಕಬೇಡಿ ಎಂದು ಮೇಸ್ತ್ರಿ ಹೇಳಿದ್ದಾರೆ, ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಶೀಟಿನ ಕೆಳಗೆ ಎರಡು ಅಂಬಾಸಿಡರ್ ನಿಂತಿರುತ್ತವೆ, ಅದೇ ಗುರುತು.

ಟ್ಯಾಂಕ್ ಇಳಿಸಿ ತುಕ್ಕು ತೊಳೆದರು. ಹಳೇ ಪೆಟ್ರೋಲ್ ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಬಿಡುವ ಕಾರ್ಬುರೇಟರಿನ ಸಣ್ಣ ತೂತು (ಜೆಟ್) ಮುಚ್ಚಿಹೋಗಿತ್ತು. ಬ್ರೇಕ್ ಹಿಡಿದುಕೊಂಡಿತ್ತು. ಕೆಲವು ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ನಾನೇ ಎರಡು ಸಲ ಹೋಗಿಬಂದೆ.

ಆದರೆ ನಾನು ಹೇಳಬೇಕಾದ್ದು ಬೇರೆ. ಮೊದಲ ಭಾನುವಾರ ಮಗಳು ದೂರ ನಿಂತಿದ್ದಳು. ಮೇಸ್ತ್ರಿ ಸೀಮೆಎಣ್ಣೆ ಡಬ್ಬಿ, ಹಳೇ ಬ್ರಷ್ಷು, ಎಂಜಿನ್ನಿನಲ್ಲಿ ಕಿಡಿ ಹಾರಿಸುವ ನಾಲ್ಕು ಪ್ಲಗ್ ಅವಳ ಮುಂದಿಟ್ಟು, "ಇದನ್ನ ಉಜ್ಜು ಪುಟ್ಟಿ" ಎಂದರು, ಅಷ್ಟೇ. ಮೂರನೇ ಭಾನುವಾರ, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಎಂಜಿನ್ ಕೈಯಲ್ಲೇ ತಿರುಗಿಸಿ ಒಳಗಿನ ಪಾಯಿಂಟ್ ಅನ್ನುವ ಪುಟ್ಟ ಸ್ವಿಚ್ಚು ತೆರೆಯುವುದನ್ನು ತೋರಿಸಿದರು. ತೆರೆದಾಗ ಕಿಡಿ. ಒಂದು, ಮೂರು, ನಾಲ್ಕು, ಎರಡು, ಆ ಕ್ರಮದಲ್ಲೇ ಸಿಲಿಂಡರ್ ಹೊತ್ತಿಕೊಳ್ಳಬೇಕು. ಈಗಿನ ಕಾರಿನಲ್ಲಿ ಈ ಕೆಲಸ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅವತ್ತು ಮನೆವರೆಗೂ ಅವಳು ಬೆರಳು ಮಡಚಿ ಅದನ್ನೇ ಹೇಳಿಕೊಂಡು ಬಂದಳು. ಕಾರು ಬುಕ್ ಮಾಡಿ ತಾತ ವರ್ಷಗಟ್ಟಲೆ ಕಾದ ಕಥೆ ನಾನು ಎಷ್ಟು ಸಲ ಹೇಳಿದ್ದೇನೋ. ಕೇಳುತ್ತಿದ್ದಳು, ಮತ್ತೆ ಫೋನ್ ಹಿಡಿಯುತ್ತಿದ್ದಳು. ಸೀಮೆಎಣ್ಣೆ ವಾಸನೆ ಮಾಡಿದ ಕೆಲಸ ನನ್ನ ಮಾತು ಮಾಡಿರಲಿಲ್ಲ.

ಕೊರತೆಯೂ ಇದೆ. ಮೂರು ವಾರ ಎಂದವರು ಹನ್ನೊಂದು ವಾರ ತೆಗೆದುಕೊಂಡರು. ಫೋನ್ ಎತ್ತುವುದಿಲ್ಲ. 26,400 ರೂಪಾಯಿ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಹಳೇ ಸಾಮಾನೆಲ್ಲ ಚೀಲದಲ್ಲಿ ಕಟ್ಟಿ ಕೊಟ್ಟಿದ್ದರಿಂದ ನನಗೆ ಅನುಮಾನ ಬರಲಿಲ್ಲ. ಅರ್ಜೆಂಟ್ ಇರುವವರು ಇಲ್ಲಿಗೆ ಬರಬೇಡಿ. ಮಕ್ಕಳನ್ನು ಕರೆದುಕೊಂಡು ಬರುವವರು ಖಂಡಿತ ಬನ್ನಿ.

2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದು, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ನಮ್ಮದಕ್ಕೆ 2028ಕ್ಕೆ 50 ತುಂಬುತ್ತದೆ. ಮಗಳಿಗೂ ಆಗ 18. ಆದರೆ ಆ ನಂಬರ್ ತಗೊಂಡರೆ ದಿನಾ ಓಡಿಸುವಂತಿಲ್ಲ ಎಂದು ಗೊತ್ತಾದ ಕೂಡಲೇ ಬೇಡವೇ ಬೇಡ ಎಂದಳು. ಸ್ಟೀರಿಂಗ್ ಪಕ್ಕದ ಗೇರ್ ಹಾಕಿಕೊಂಡು ತಾನೇ ಕಾಲೇಜಿಗೆ ಹೋಗಬೇಕಂತೆ.

ಗಾಡಿ ಕೈಗೆ ಬಂದ ವಾರ ದೇವರಾಯನದುರ್ಗಕ್ಕೆ ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಡುವಾಗಲೇ ಬಿಸಿಲು ಏರಿತ್ತು. ಬೆಟ್ಟದ ಅರ್ಧಕ್ಕೆ ಎಂಜಿನ್ ನಿಂತುಹೋಯಿತು. ನಾನು ಮೇಸ್ತ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಮಗಳು ಬಾನೆಟ್ ಎತ್ತಿ, ನನ್ನ ಟವಲ್ ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಸುತ್ತುತ್ತಿದ್ದಳು. "ಬಿಸಿಗೆ ಪೆಟ್ರೋಲ್ ಆವಿಯಾಗಿದೆ ಅಪ್ಪಾ. ಹತ್ತು ನಿಮಿಷ ಸುಮ್ನೆ ಇರಿ" ಎಂದಳು. ಹತ್ತು ನಿಮಿಷ ಕಾದೆವು. ಎರಡನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು.