ಹಳದಿ ಅಂಟು ಬಲೆ: ಮೂರು ವರ್ಷ ಕಟ್ಟಿ, ಎಣಿಸಿ ನೋಡಿದ ಮೇಲೆ

ಮೂರು ವರ್ಷದಿಂದ ಹಳದಿ ಅಂಟು ಬಲೆ ಬಳಸುತ್ತಿದ್ದೇನೆ. ಅಂದರೆ ಅಂಟು ಬಳಿದ ಹಳದಿ ಹಾಳೆ, ಬಣ್ಣಕ್ಕೆ ಮರುಳಾಗಿ ಬಂದ ಕೀಟ ಅದಕ್ಕೆ ಅಂಟಿಕೊಳ್ಳುತ್ತದೆ. ಮನೆಯೊಳಗಿನ ಕುಂಡಗಳಲ್ಲಿ, ಹಿತ್ತಲಿನ ತರಕಾರಿ ಸಾಲುಗಳಲ್ಲಿ, ಅಣ್ಣನ ಟೊಮೆಟೊ ಹೊಲದಲ್ಲಿ, ಮೂರೂ ಕಡೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಳೆದೆ ಅನ್ನೋದನ್ನೂ ಹೇಳುತ್ತೇನೆ.

ಮೊದಲ ವರ್ಷ ಇದನ್ನು ತಂದದ್ದೇ ಬಿಳಿ ನೊಣದ ಕಾಟಕ್ಕೆ. ಬದನೆ ಗಿಡ ಅಲ್ಲಾಡಿಸಿದರೆ ಸಾಕು, ಹಿಟ್ಟು ಜರಡಿ ಹಿಡಿದ ಹಾಗೆ ನೊಣ ಏಳುತ್ತಿತ್ತು. ಸಾಲಿನುದ್ದಕ್ಕೂ ಹತ್ತು ಬಲೆ ಕಟ್ಟಿದೆ. ವಾರ ಕಳೆಯುವುದರೊಳಗೆ ಹಾಳೆ ತುಂಬಾ ನೊಣ. ಆದರೆ ಗಿಡದ ಮೇಲೆ ಮಾತ್ರ ಕಡಿಮೆಯಾಗಲೇ ಇಲ್ಲ. ಒಂದು ಎಲೆ ಮಗುಚಿ ನೋಡಿದಾಗ ಕಾರಣ ಗೊತ್ತಾಯಿತು. ಎಲೆಯ ಅಡಿಯಲ್ಲಿ ಚಪ್ಪಟೆಯಾದ, ಬಿಳಿಚಿದ ಮರಿಗಳು ಕಚ್ಚಿಕೊಂಡು ಕೂತು ರಸ ಹೀರುತ್ತಿದ್ದವು. ಪಕ್ಕದಲ್ಲೇ ಸಾಸಿವೆಗಿಂತ ಎಷ್ಟೋ ಸಣ್ಣ ಮೊಟ್ಟೆಗಳು. ಬಲೆಗೆ ಬರುವುದು ರೆಕ್ಕೆ ಬಂದ ನೊಣ ಮಾತ್ರ. ಮರಿಗೂ ಮೊಟ್ಟೆಗೂ ಹಳದಿ ಬಣ್ಣ ಏನು ಮಾಡೀತು?

ಬಲೆ ಕಟ್ಟಿದರೆ ಕೀಟ ಮುಗಿಯುತ್ತದೆ ಅಂತ ಕೊಂಡವರಿಗೆ ಬೇಜಾರಾಗುವುದು ಖಂಡಿತ. ನನಗೆ ಇದರ ನಿಜವಾದ ಬೆಲೆ ತಿಳಿದದ್ದು ಎರಡನೇ ವರ್ಷ, ಎಣಿಸಲು ಶುರು ಮಾಡಿದ ಮೇಲೆ.

ಕೆಲಸ ಸುಲಭ. ಬಲೆಯನ್ನು ಗಿಡದ ತುದಿಗಿಂತ ಸ್ವಲ್ಪ ಮೇಲೆ ಕಟ್ಟಬೇಕು. ಗಿಡ ಬೆಳೆದ ಹಾಗೆ ಅದನ್ನೂ ಏರಿಸಬೇಕು. ಪ್ರತಿ ಭಾನುವಾರ ಬೆಳಗ್ಗೆ ಎಷ್ಟು ನೊಣ ಹತ್ತಿದೆ ಅಂತ ಎಣಿಸಿ ಬರೆದಿಡುತ್ತೇನೆ. ಎಣಿಸಿದ್ದರ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟರೆ ಮುಂದಿನ ವಾರ ಗೊಂದಲ ಇರುವುದಿಲ್ಲ. ಆಮೇಲೆ ಐದಾರು ಎಲೆ ಮಗುಚಿ ನೋಡುತ್ತೇನೆ. ಎರಡು ವಾರ ಲೆಕ್ಕ ಏರುತ್ತಲೇ ಹೋದರೆ, ಎಲೆಯಡಿ ಮರಿಗಳೂ ಇದ್ದರೆ, ಆಗ ಮಾತ್ರ ಬೇವಿನ ಎಣ್ಣೆ. ಇಲ್ಲದಿದ್ದರೆ ಸುಮ್ನೆ ಬಿಡುತ್ತೇನೆ. ಮೊದಲು ಕೀಟ ಇರಲಿ ಬಿಡಲಿ, ವಾರಕ್ಕೊಂದು ಸಲ ಔಷಧಿ ಹೊಡೆಯುತ್ತಿದ್ದವನು ನಾನು. ಈಗ ಒಂದು ಬೆಳೆಗೆ ಎರಡು ಸಲ ಹೊಡೆದರೆ ಜಾಸ್ತಿ.

ಹೊಸ ಯೋಚನೆಯೇನೂ ಅಲ್ಲ ಇದು. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟ ವಿಜ್ಞಾನಿಗಳು, ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಷ್ ಮತ್ತು ಹೇಗನ್, ಇದನ್ನೇ ಬರೆದರು. ಕೀಟ ಕಂಡ ತಕ್ಷಣ ಹೊಡೆಯಬೇಡಿ, ನಷ್ಟ ಮಾಡುವ ಮಟ್ಟ ಒಂದಿದೆ, ಸಂಖ್ಯೆ ಅದನ್ನು ಮುಟ್ಟುವ ಮುಂಚೆ ಕ್ರಮ ತೆಗೆದುಕೊಳ್ಳಿ ಅನ್ನೋದು ಅವರ ಮಾತು. ಸಮಗ್ರ ಕೀಟ ನಿರ್ವಹಣೆ, ಅಂದರೆ ಹಲವು ಉಪಾಯ ಸೇರಿಸಿ, ಬೇಕಾದಾಗ ಮಾತ್ರ ಔಷಧಿ ಹೊಡೆಯುವ ಪದ್ಧತಿ, ನಿಂತಿರುವುದೇ ಈ ಲೆಕ್ಕದ ಮೇಲೆ. ಲೆಕ್ಕ ಸಿಗಬೇಕಾದರೆ ಎಣಿಸಲು ಏನಾದರೂ ಬೇಕಲ್ವಾ? ಅದಕ್ಕೆ ಈ ಹಾಳೆ.

ಬೇವಿನ ಎಣ್ಣೆ ಬಗ್ಗೆಯೂ ಎರಡು ಮಾತು, ಯಾಕಂದ್ರೆ ಬಲೆಯ ಜೊತೆಗಾರ ಅದೇ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಎಣ್ಣೆ, ಸ್ವಲ್ಪ ಸೋಪಿನ ದ್ರವ. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಸಂಜೆ ಹೊಡೆಯಿರಿ, ಎಲೆಯ ಅಡಿಗೆ ತಾಗುವ ಹಾಗೆ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಮೊದಲು ಒಂದೆರಡು ಎಲೆಗೆ ಹೊಡೆದು, ಸುಡುತ್ತದೆಯೇ ಅಂತ ನೋಡಿ. ಮಾರನೇ ದಿನವೇ ಕೀಟ ಸಾಯಲಿಲ್ಲ ಅಂತ ಮತ್ತೆ ಹೊಡೆಯಬೇಡಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಅದಕ್ಕೆ ದಿನ ಹಿಡಿಯುತ್ತದೆ. ಬಲೆಯ ಲೆಕ್ಕದಲ್ಲಿ ಇಳಿಕೆ ಕಾಣಲು ನನಗೆ ಸಾಮಾನ್ಯವಾಗಿ ಎರಡು ವಾರ ಬೇಕಾಗುತ್ತದೆ.

ಮನೆಯೊಳಗೆ ಬಲೆ ಇನ್ನೂ ಚೆನ್ನಾಗಿ ಕೆಲಸಕ್ಕೆ ಬಂತು. ಕುಂಡದ ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದು ಮುಖದ ಮುಂದೆ ಸುತ್ತುತ್ತಿದ್ದವು. ಅಂಗೈ ಅಗಲದ ತುಂಡು ಕತ್ತರಿಸಿ ಪ್ರತಿ ಕುಂಡಕ್ಕೂ ಒಂದೊಂದು ಚುಚ್ಚಿದೆ. ಮೂರು ದಿನದಲ್ಲಿ ಒಂದು ಕುಂಡದ ಹಾಳೆ ಕಪ್ಪಾಯಿತು, ಉಳಿದವು ಹೆಚ್ಚೂ ಕಡಿಮೆ ಖಾಲಿ. ಆ ಕುಂಡಕ್ಕೆ ಬೆರಳು ಹಾಕಿದರೆ ಮಣ್ಣು ಕೆಸರಿನ ಹಾಗಿತ್ತು. ದಿನಾ ನೀರು ಹಾಕಿ ನಾವೇ ಸಾಕುತ್ತಿದ್ದೆವು, ಮರಿಗಳು ಬದುಕುವುದೇ ಒದ್ದೆ ಮೇಲ್ಮಣ್ಣಿನಲ್ಲಿ. ಮೇಲಿನ ಎರಡು ಇಂಚು ಒಣಗಿದ ಮೇಲಷ್ಟೇ ನೀರು ಹಾಕಿದೆವು. ಒಂದು ತಿಂಗಳಲ್ಲಿ ಕಾಟ ನಿಂತಿತು. ಯಾವ ಔಷಧಿಯೂ ಬೇಕಾಗಲಿಲ್ಲ.

ಹೊಲದ ವಿಷಯ ಬೇರೆ. ಅಲ್ಲಿ ಬಿಳಿ ನೊಣ ರಸ ಹೀರುವುದಕ್ಕಿಂತ ಎಲೆ ಮುರುಟು ರೋಗ ಹರಡುವುದೇ ದೊಡ್ಡ ಹೊಡೆತ. ಎಳೆ ಸಸಿಗೆ ವೈರಸ್ ಅಂಟಿಸಲು ಕೆಲವೇ ನೊಣ ಸಾಕು. ಹಾಗಾಗಿ ಸಸಿ ಮಡಿಯಲ್ಲಿ ಎಣಿಸುತ್ತಾ ಕಾಯುವ ಮಾತೇ ಇಲ್ಲ. ಅಣ್ಣ ಸಸಿ ಮಡಿಗೆ ಒತ್ತು ನೈಲಾನ್ ಪರದೆ ಹಾಕುತ್ತಾನೆ, ರೋಗ ಬಂದ ಗಿಡ ಕಂಡ ದಿನವೇ ಕಿತ್ತು ಹಾಕುತ್ತಾನೆ. ಕಾಯಿಕೊರಕಕ್ಕೂ ಈ ಹಾಳೆ ಪ್ರಯೋಜನವಿಲ್ಲ. ಅದರ ಪತಂಗಕ್ಕೆ ಹೆಣ್ಣಿನ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆ ಬೇಕು. ಅದು ಕೂಡ ಗಂಡು ಪತಂಗವನ್ನಷ್ಟೇ ಹಿಡಿಯುತ್ತದೆ. ಸೊಳ್ಳೆಗಂತೂ ಬಲೆ ಕಟ್ಟುವುದು ದಂಡ, ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಎಲೆ, ಹೂವಿನ ರಸ ಹೀರುವ ಸಣ್ಣ ಹುಳು ಥ್ರಿಪ್ಸ್ ಇದ್ದರೆ ನೀಲಿ ಹಾಳೆ ಕೊಳ್ಳಿ.

ಇನ್ನು ಕಳೆದ ಆ ಒಂದು ಅಂಕ. ಅಂಟಿಗೆ ಶತ್ರು ಯಾರು, ಮಿತ್ರ ಯಾರು ಅಂತ ತಿಳಿಯುವುದಿಲ್ಲ. ಕೀಟದ ಮರಿಗಳೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು, ಹೂವಿನ ಮೇಲೆ ತೇಲುವ ನೊಣಗಳು, ಕೆಲವೊಮ್ಮೆ ಗುಲಗಂಜಿ ಹುಳುವೂ ಸಿಕ್ಕಿಬೀಳುತ್ತವೆ. ಒಂದು ಬೆಳಗ್ಗೆ ಕಿಟಕಿಯ ಬಲೆಯಲ್ಲಿ ಹಲ್ಲಿಮರಿ ಸಿಕ್ಕಿಕೊಂಡಿತ್ತು. ಎಳೆದರೆ ಚರ್ಮ ಕಿತ್ತು ಬರುತ್ತದೆ. ಹತ್ತಿಯಲ್ಲಿ ಅಡುಗೆ ಎಣ್ಣೆ ಅದ್ದಿ, ಒಂದೊಂದೇ ಕಾಲು ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಅದರ ಹೊಟ್ಟೆ ಬಡಿದುಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು. ನಿಜಕ್ಕೂ ಸಂಕಟವಾಯಿತು. ಅಂದಿನಿಂದ ಹೊರಗಿನ ಬಲೆಗೆಲ್ಲ ದೊಡ್ಡ ಕಣ್ಣಿನ ತಂತಿ ಜಾಲರಿ ಸುತ್ತುತ್ತೇನೆ. ಹಿತ್ತಲಿಗೆ ಹತ್ತರ ಬದಲು ಎರಡೇ ಬಲೆ. ಎಣಿಸಲು ಅಷ್ಟು ಸಾಕು.

ಬಲೆಯನ್ನೂ ಔಷಧಿಯನ್ನೂ ಕಡಿಮೆ ಮಾಡಿದ ಮೇಲೆ ಅವರೆ ಗಿಡದಲ್ಲಿ ಒಂದು ವಿಶೇಷ ನೋಡಿದೆ. ಗಿಡಹೇನು ಮುತ್ತಿದ ಕುಡಿಯಲ್ಲಿ ಕಪ್ಪು ಮೈಗೆ ಕಿತ್ತಳೆ ಚುಕ್ಕೆಯಿರುವ ಹುಳು, ಪುಟ್ಟ ಮೊಸಳೆಯ ಹಾಗೆ. ಹಿಂದೆಲ್ಲ ಅದನ್ನು ಪೀಡೆ ಅಂದುಕೊಂಡು ಹೊಸಕಿದ್ದೇನೆ. ಅದು ಗುಲಗಂಜಿ ಹುಳುವಿನ ಮರಿ. ನಾನು ನೋಡುತ್ತಿದ್ದಂತೆಯೇ ಒಂದು ಹೇನನ್ನು ಹಿಡಿದು ರಸ ಹೀರಿ, ಒಣ ಸಿಪ್ಪೆ ಬಿಟ್ಟು ಮುಂದಿನದಕ್ಕೆ ಹೋಯಿತು. ಹೇನಿನ ಸಿಹಿ ಅಂಟಿಗಾಗಿ ಕಾವಲು ಕಾಯುವ ಇರುವೆಗಳು ಅದನ್ನು ಓಡಿಸುತ್ತಿದ್ದವು. ಚಪ್ಪರದ ಕಂಬಕ್ಕೆ ಹಳೆ ಬಲೆಯ ಪಟ್ಟಿಯೊಂದನ್ನು ಸುತ್ತಿ ಇರುವೆಯ ದಾರಿ ಕಟ್ಟಿದೆ. ಹತ್ತು ದಿನದಲ್ಲಿ ಕುಡಿ ಚೊಕ್ಕಟ.

ಕೊಳ್ಳುವವರು ಎರಡೂ ಬದಿ ಅಂಟಿರುವ, ಚೌಕ ಗೆರೆ ಹಾಕಿರುವ ಹಾಳೆಯನ್ನೇ ಕೇಳಿ. ಎಣಿಸಲು ಗೆರೆ ತುಂಬಾ ಅನುಕೂಲ. ಒಂದು ಸಲ ಅಗ್ಗದ ಕಟ್ಟು ತಂದಿದ್ದೆ, ಮಧ್ಯಾಹ್ನದ ಬಿಸಿಲಿಗೆ ಅಂಟು ಕರಗಿ ಎಲೆಗಳ ಮೇಲೆಲ್ಲ ಸುರಿಯಿತು. ಒಂದು ಹಾಳೆ ತಂದು ಬಿಸಿಲಿಗೆ ಕಟ್ಟಿ ನೋಡಿದ ಮೇಲೆಯೇ ಜಾಸ್ತಿ ಕೊಳ್ಳಿ. ಧೂಳು ಕೂತರೆ ಅಂಟು ಸಾಯುತ್ತದೆ, ನಾನು ತಿಂಗಳಿಗೊಮ್ಮೆ ಬದಲಿಸುತ್ತೇನೆ.